ರವಿವಾರ ಹೊರಡುವ ಬಗೆ

ಮುಂಬಯಿಯ ಉಪನಗರಗಳಲ್ಲಿ ನೆಲೆಸಿದ ನಮ್ಮವರಿಗೆ ರಜೆ ಎಂದರೆ ಊರು. ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಮತ್ಸ್ಯಗಂಧವನ್ನೋ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ, ಹದಿನೈದು ದಿನ ಮನೆಯಂಗಳದಲ್ಲಿ ಕಳೆದು ಬಂದರೆ ಆ ವರ್ಷದ ಹಸಿರು ಅಲ್ಲಿಗೆ ಮುಗಿಯಿತು. ಉಳಿದ ಐವತ್ತು ರವಿವಾರಗಳು ತಡವಾಗಿ ಏಳುವುದರಲ್ಲಿ, ಮಾರ್ಕೆಟ್ಟಿನಲ್ಲಿ, ಯಾರದೋ ಮದುವೆ ಹಾಲ್‌ನಲ್ಲಿ, ಸಂಜೆಯ ಸಂಘದ ಸಭೆಯಲ್ಲಿ ಕರಗಿಹೋಗುತ್ತವೆ. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಬಾಳಿದವರಿಗೂ ಕಲ್ಯಾಣ್‌ನಿಂದಾಚೆ ಲೋಕಲ್ ಹೋಗುತ್ತದೆ ಎಂಬುದು ಗೊತ್ತು. ಅದು ಹೋಗಿ ನಿಲ್ಲುವ ಜಾಗದಲ್ಲಿ ಏನಿದೆ ಎಂಬುದು ಗೊತ್ತಿಲ್ಲ. ಬಹಳ ಕಾಲ ನನಗೂ ಗೊತ್ತಿರಲಿಲ್ಲ.

ಅಲ್ಲಿರುವುದು ಸಹ್ಯಾದ್ರಿ. ಆಗುಂಬೆ, ಕೊಡಚಾದ್ರಿ, ಮುಳ್ಳಯ್ಯನಗಿರಿಗಳ ಅದೇ ಸಾಲು. ದಾದರ್, ಗಿರ್ಗಾಂವ್‌ನವರು ಅದನ್ನು ಮುಟ್ಟಲು ಮೊದಲು ನಮ್ಮ ಉಪನಗರಗಳವರೆಗೆ ಬರಬೇಕು. ದಿನವೂ ದೂರದ ಪ್ರಯಾಣಕ್ಕೆ ಶಾಪ ಹಾಕುವ ನಾವು ರವಿವಾರದ ಮಟ್ಟಿಗೆ ಒಂದು ಗಂಟೆ ಮುಂದಿದ್ದೇವೆ. ಥಾಣೆಯವರಿಗೆ ಯೇವೂರಿನ ಕಾಡು ಟಿಎಂಟಿ ಬಸ್ಸಿನ ದೂರದಲ್ಲಿದೆ, ನವಿಮುಂಬಯಿಯವರಿಗೆ ಖಾರ್‌ಘರ್‌ನ ಗುಡ್ಡ ಕಿಟಕಿಯಿಂದಲೇ ಕಾಣುತ್ತದೆ. ಹೊರಡಲು ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಮೂರು ಲೆಕ್ಕ: ರೈಲಿನದು, ಮಳೆಯದು, ಸಮುದ್ರದ ಉಬ್ಬರದ್ದು.

ರೈಲಿನ ಲೆಕ್ಕ

ಸಿಎಸ್‌ಎಂಟಿಯಿಂದ ಸುಮಾರು 54 ಕಿ.ಮೀ. ದೂರದ ಕಲ್ಯಾಣ್‌ನಲ್ಲಿ ಮಧ್ಯ ರೈಲ್ವೆಯ ಹಳಿ ಕವಲೊಡೆಯುತ್ತದೆ. ಒಂದು ಕವಲು ಅಂಬರನಾಥ್, ಬದ್ಲಾಪುರ, ವಾಂಗಣಿ, ನೇರಳ್ ದಾಟಿ ಕರ್ಜತ್‌ಗೆ. ಇನ್ನೊಂದು ಟಿಟ್ವಾಳಾ, ಖಡವಲಿ, ಆಸನ್‌ಗಾಂವ್ ದಾಟಿ ಕಸಾರಾಕ್ಕೆ. ಕರ್ಜತ್ ಸಿಎಸ್‌ಎಂಟಿಯಿಂದ 100 ಕಿ.ಮೀ., ಕಸಾರಾ 121. ಎರಡೂ ಘಟ್ಟದ ಬುಡದ ಊರುಗಳು. ಕರ್ಜತ್‌ನ ಮೇಲೆ ಭೋರ್ ಘಾಟ್, ಕಸಾರಾದ ಮೇಲೆ ಥಳ್ ಘಾಟ್. ಕೋಟೆ, ಜಲಪಾತ, ಕಾಡು ಎಂದು ನೀವು ಯಾರ ಬಾಯಲ್ಲಾದರೂ ಕೇಳಿದ ಹೆಸರುಗಳಲ್ಲಿ ಬಹಳಷ್ಟು ಈ ಎರಡು ಕವಲುಗಳಲ್ಲಿ ಯಾವುದೋ ಒಂದು ನಿಲ್ದಾಣದಿಂದ ರಿಕ್ಷಾ ದೂರದಲ್ಲಿವೆ.

ನಿಮ್ಮ ಸೀಸನ್ ಪಾಸ್ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಇದ್ದರೆ ಅದು ಕರ್ಜತ್‌ನ ಕಡೆಗೆ ನಡೆಯುವುದಿಲ್ಲ. ಪಾಸಿನ ಕೊನೆಯ ನಿಲ್ದಾಣದಿಂದ ಮುಂದಕ್ಕೆ ಬೇರೆ ಟಿಕೆಟ್ ಬೇಕು. ಹೋಗುವಾಗಲೇ ರಿಟರ್ನ್ ತೆಗೆದುಕೊಳ್ಳುವುದು ಜಾಣತನ. ಸಂಜೆ ಸಣ್ಣ ನಿಲ್ದಾಣದ ಒಂದೇ ಕಿಟಕಿಯ ಮುಂದೆ ಒದ್ದೆ ಬಟ್ಟೆಯ ನೂರು ಜನ ನಿಂತಿರುತ್ತಾರೆ. ಕಲ್ಯಾಣ್‌ನವರೆಗೆ ನಿಮಿಷಕ್ಕೊಂದು ಗಾಡಿ ಕಂಡ ಅಭ್ಯಾಸದಲ್ಲಿ ಕಸಾರಾ ಲೈನಿಗೆ ಹೋಗಬೇಡಿ. ಅಲ್ಲಿ ಒಂದು ಲೋಕಲ್ ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಬೆಟ್ಟ ಹತ್ತುವ ಮೊದಲೇ ಮರಳುವ ಮೂರು ಗಾಡಿಗಳ ಸಮಯ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೇಲೆ ಮೊಬೈಲಿಗೆ ಸಿಗ್ನಲ್ ಇರುತ್ತದೆ ಎಂಬ ಭರವಸೆ ಬೇಡ.

ಮೆಗಾಬ್ಲಾಕ್ ಎಂಬುದು ಮುಂಬಯಿಯ ರವಿವಾರದ ಖಾಯಂ ಅತಿಥಿ. ಹಳಿ, ತಂತಿ, ಸಿಗ್ನಲ್‌ಗಳ ದುರಸ್ತಿಗೆಂದು ಮಧ್ಯ, ಹಾರ್ಬರ್ ಮಾರ್ಗಗಳ ಯಾವುದೋ ಒಂದು ತುಂಡಿನಲ್ಲಿ ಬೆಳಿಗ್ಗೆ ಹತ್ತು ಹನ್ನೊಂದರಿಂದ ಮಧ್ಯಾಹ್ನ ಮೂರು ನಾಲ್ಕರವರೆಗೆ ಗಾಡಿಗಳನ್ನು ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಹಳಿಗೆ ತಿರುಗಿಸುತ್ತಾರೆ. ಒಂದೆರಡು ದಿನ ಮುಂಚೆ ಪ್ರಕಟಣೆ ಬರುತ್ತದೆ, ಪತ್ರಿಕೆಯಲ್ಲೂ ಇರುತ್ತದೆ. ಇದನ್ನು ಅಡ್ಡಿ ಎಂದು ನೋಡದೆ ದಿನದ ಗೆರೆ ಎಂದು ನೋಡಿ. ಬ್ಲಾಕ್ ಶುರುವಾಗುವ ಮುಂಚೆ ಹೋಗಿ ಮುಟ್ಟಬೇಕು, ಮುಗಿದ ಮೇಲೆ ಮರಳಬೇಕು. ಅಂದರೆ ಐದೂವರೆ ಆರರ ಗಾಡಿ. ಇದೇ ಸಮಯ ಬೆಟ್ಟಕ್ಕೂ ಒಳ್ಳೆಯದು. ಬಿಸಿಲೇರುವ ಮೊದಲು ಅರ್ಧ ಏರು ಮುಗಿದಿರುತ್ತದೆ.

ನವಿಮುಂಬಯಿಯವರಿಗೆ ವಾಶಿ ಅಥವಾ ಪನ್ವೇಲ್‌ನಿಂದ ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ಥಾಣೆಗೆ ಬಂದು ಅಲ್ಲಿ ಬದಲಿಸುವುದು ಸುಲಭ. ಕಲ್ಯಾಣ್‌ನವರಿಗೆ ಇನ್ನೊಂದು ಬಾಗಿಲಿದೆ: ಎಸ್‌ಟಿ ಡಿಪೊ. ಮುರ್ಬಾಡ್, ಮಾಳ್ಶೇಜ್ ಘಾಟ್‌ನ ಕಡೆಗೆ ಹೋಗುವ ಬಸ್ಸುಗಳು ನಾಣೇಘಾಟಿನ ಬುಡಕ್ಕೆ ಬಿಡುತ್ತವೆ. ಎರಡು ಸಾವಿರ ವರ್ಷಗಳ ಹಿಂದೆ ಕಲ್ಯಾಣ್ ಬಂದರಿನ ಸರಕು ಜುನ್ನರ್‌ಗೆ ಹತ್ತಿದ್ದು ಈ ಕಣಿವೆಯಿಂದ. ಮೇಲೆ ಗುಹೆಯ ಗೋಡೆಯಲ್ಲಿ ಶಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನವಿದೆ, ದಾರಿಯ ಪಕ್ಕ ಸುಂಕದ ನಾಣ್ಯ ಹಾಕುತ್ತಿದ್ದರೆಂದು ಹೇಳುವ ದೊಡ್ಡ ಕಲ್ಲಿನ ಹರವಿಯಿದೆ.

ಮಳೆ, ಕಲ್ಲು

ಹೆಚ್ಚಿನವರು ಹೊರಡುವುದು ಜುಲೈಯಲ್ಲಿ. ಹೊರಡಬಾರದ ಜಾಗಗಳಿಗೆ ಹೆಚ್ಚು ಜನ ಹೋಗುವುದೂ ಆಗಲೇ. ಆದ್ದರಿಂದ ಇದನ್ನು ತುಸು ಬಿಡಿಸಿ ಹೇಳುತ್ತೇನೆ.

ಈ ಭಾಗದ ಸಹ್ಯಾದ್ರಿ ಬಸಾಲ್ಟ್ ಕಲ್ಲಿನದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಪದರದ ಮೇಲೆ ಪದರವಾಗಿ ಆರಿ ನಿಂತದ್ದು. ಬೆಳಗಾವಿ, ವಿಜಯಪುರ, ಬೀದರ್‌ನವರಿಗೆ ಇದು ಪರಿಚಿತ ಕಲ್ಲು. ಮಧುಗಿರಿ, ಸಾವನದುರ್ಗ ಹತ್ತಿ ಬೆಳೆದವರಿಗೆ ಹೊಸದು. ಅಲ್ಲಿನ ಗ್ರಾನೈಟ್ ಬಂಡೆ ಒರಟು, ಒಣಗಿದ್ದಾಗ ಪಾದ ಕಚ್ಚಿ ಹಿಡಿಯುತ್ತದೆ. ಇಲ್ಲಿ ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿದೆ: ಒಂದು ಕಡಿದಾದ ಗೋಡೆ, ಒಂದು ಹುಲ್ಲಿನ ಅಡ್ಡಪಟ್ಟಿ, ಮತ್ತೆ ಗೋಡೆ. ಪದರಗಳ ನಡುವೆ ಕಲ್ಲು ಸಡಿಲ. ಬೇಸಿಗೆಯಲ್ಲಿ ಮುರುಮ್ ಎಂಬ ಸಣ್ಣ ಜಲ್ಲಿ ಕಾಲಡಿ ಉರುಳುತ್ತದೆ, ಮಳೆಯಲ್ಲಿ ಅದೇ ಕಲ್ಲಿನ ಮೇಲೆ ಪಾಚಿ ಕಟ್ಟಿ ಎಣ್ಣೆ ಸವರಿದಂತಾಗುತ್ತದೆ. ಓಡುವ ಶೂ ಇಲ್ಲಿ ಕೈಕೊಡುತ್ತದೆ. ಅಡಿಯಲ್ಲಿ ಆಳವಾದ ಗೀರುಗಳಿರುವ ಶೂ ಬೇಕು. ಇಳಿಯುವಾಗ ಮುಂದಿನವರಿಗೆ ತೀರಾ ಹತ್ತಿರ ನಡೆಯಬಾರದು. ನಿಮ್ಮ ಕಾಲಿನಿಂದ ಜಾರಿದ ಕಲ್ಲು ಅವರ ತಲೆಗೆ ಹೋಗುತ್ತದೆ.

ಇದೇ ಕಲ್ಲಿನ ಕಾರಣದಿಂದ ಹಳ್ಳಗಳು ಅಪಾಯಕಾರಿ. ಬಂಡೆ ನೀರು ಕುಡಿಯುವುದಿಲ್ಲ, ಹಳ್ಳಗಳು ಗಿಡ್ಡವಾಗಿ ಕಡಿದಾಗಿವೆ. ನೆತ್ತಿಯ ಮೇಲಿನ ಬಯಲಿನಲ್ಲಿ ಒಂದು ಜೋರು ಮಳೆ ಬಿದ್ದರೆ ಅಷ್ಟೂ ನೀರು ಅರ್ಧ ಗಂಟೆಯೊಳಗೆ ಕೆಳಗೆ ಬರುತ್ತದೆ. ನೀವು ನಿಂತಲ್ಲಿ ಆಗ ಬಿಸಿಲಿರಬಹುದು. ಮೊಣಕಾಲುದ್ದದ ನೀರು ಎದೆಮಟ್ಟಕ್ಕೆ ಏರಿದಾಗ ಮಕ್ಕಳು ಆಚೆ ದಡದಲ್ಲಿ, ದೊಡ್ಡವರು ಈಚೆ ದಡದಲ್ಲಿ ಉಳಿದುಬಿಡುತ್ತಾರೆ. ಮುನ್ಸೂಚನೆ ಇರುತ್ತದೆ: ತಿಳಿನೀರು ಕೆಂಪಾಗುವುದು, ಎಲೆ, ಕಡ್ಡಿ ತೇಲಿ ಬರುವುದು, ಸದ್ದು ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಚಪ್ಪಲಿ, ಚೀಲ ಹುಡುಕುತ್ತ ನಿಲ್ಲದೆ ಮೇಲಿನ ದಡಕ್ಕೆ ಹತ್ತಬೇಕು. ಆಚೆ ದಡದಲ್ಲಿ ಸಿಕ್ಕಿಬಿದ್ದವರು ನೀರಿಳಿಯುವವರೆಗೆ ಅಲ್ಲೇ ಇರಬೇಕು, ಎಷ್ಟು ಹೊತ್ತಾದರೂ ಸರಿ. ಮಳೆ ನಿಂತರೆ ಇಂಥ ಹಳ್ಳ ಬೇಗ ಇಳಿಯುತ್ತದೆ.

ಖಾರ್‌ಘರ್‌ನ ಪಾಂಡವಕಡಾ, ಬದ್ಲಾಪುರದ ಕೊಂಡೇಶ್ವರ, ಭಿವ್‌ಪುರಿಯ ಜಲಪಾತ ಇಂಥವುಗಳಲ್ಲಿ ಜೀವ ಹೋದ ಸುದ್ದಿ ಪ್ರತಿ ಮಳೆಗಾಲವೂ ಬರುತ್ತದೆ. ಜಿಲ್ಲಾಡಳಿತ ಅನೇಕ ಕಡೆ ಮಳೆಗಾಲದಲ್ಲಿ ನಿಷೇಧಾಜ್ಞೆ ಹಾಕುತ್ತದೆ, ಪೊಲೀಸರು ದಾರಿಯಲ್ಲೇ ತಿರುಗಿಸಿ ಕಳಿಸುತ್ತಾರೆ. ಹಿಂದಿನ ದಾರಿಯಿಂದ ನುಸುಳಿ ಹೋಗುವುದನ್ನು ಕೆಲವರು ಸಾಹಸವೆಂದು ಹೇಳಿಕೊಳ್ಳುತ್ತಾರೆ. ಅದು ಸಾಹಸವಲ್ಲ, ಮನೆಯವರಿಗೆ ಮಾಡುವ ಅನ್ಯಾಯ. ಹವಾಮಾನ ಇಲಾಖೆ ಥಾಣೆ, ರಾಯಗಡ ಜಿಲ್ಲೆಗಳಿಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಮನೆಯಲ್ಲೇ ಪತ್ರೊಡೆ ಮಾಡಿ ತಿನ್ನುವುದು ಸರಿ.

ಹಾಗಿದ್ದರೆ ಮಳೆಯಲ್ಲಿ ಹೋಗುವುದೇ ಬೇಡವೇ? ಹೋಗಬೇಕು, ಮಾಥೇರಾನ್‌ಗೆ. ನೇರಳ್‌ನಿಂದ ಮೇಲಕ್ಕೆ 1907ರಲ್ಲಿ ಶುರುವಾದ ಎರಡಡಿ ಅಗಲದ ಹಳಿಯ ಪುಟಾಣಿ ರೈಲು ಮಳೆಗಾಲದಲ್ಲಿ ನೇರಳ್ ಮತ್ತು ಅಮನ್ ಲಾಡ್ಜ್ ನಡುವೆ ನಿಲ್ಲುತ್ತದೆ. ಅಮನ್ ಲಾಡ್ಜ್‌ನಿಂದ ಮಾಥೇರಾನ್‌ವರೆಗಿನ ಶಟಲ್ ಮಾತ್ರ ಓಡುತ್ತಿರುತ್ತದೆ. ನೇರಳ್ ನಿಲ್ದಾಣದ ಹೊರಗಿನ ಶೇರ್ ಟ್ಯಾಕ್ಸಿ ದಸ್ತೂರಿ ನಾಕಾದವರೆಗೆ ಬಿಡುತ್ತದೆ. ಅಲ್ಲಿಂದ ಮುಂದೆ ಪ್ರವಾಸಿಗರ ವಾಹನಕ್ಕೆ ಪ್ರವೇಶವಿಲ್ಲ; ಕಾಲ್ನಡಿಗೆ, ಕುದುರೆ, ಶಟಲ್, ಈಚಿನ ವರ್ಷಗಳಲ್ಲಿ ಇ-ರಿಕ್ಷಾ. ಸುಮಾರು 800 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಬಸಾಲ್ಟಿನ ಮೇಲೆ ಕೆಂಪು ಮುರಕಲ್ಲಿನ ಹೊದಿಕೆಯಿದೆ. ಮರದ ನೆರಳಿನ ಆ ಕೆಂಪು ದಾರಿಯಲ್ಲಿ ಮಂಜು ಕವಿದಾಗ ಕುಂದಾಪುರದ ಕಡೆಯವರು ಒಂದು ಗಳಿಗೆ ನಿಂತುಬಿಡುತ್ತಾರೆ. ಮನೆಗೆ ಬಂದು ಶೂ ತೊಳೆಯುವಾಗ ಹರಿಯುವ ನೀರೂ ಊರಿನ ಬಣ್ಣದ್ದೇ.

ಮಳೆ ಬಿಟ್ಟ ಮೇಲೆ ವರ್ಷದ ಉಳಿದ ಭಾಗ ಹೀಗೆ ಹಂಚಿಕೊಂಡಿದೆ. ಸೆಪ್ಟೆಂಬರ್ ಕೊನೆ ಹೂವಿನದು. ಅಕ್ಟೋಬರ್ ಸೆಖೆಯದು, ಬಿಟ್ಟುಬಿಡಿ. ನವೆಂಬರ್‌ನಿಂದ ಫೆಬ್ರುವರಿ ಕೋಟೆಗಳದು. ಮಾರ್ಚ್, ಏಪ್ರಿಲ್‌ನಲ್ಲಿ ಹಕ್ಕಿ. ಮೇ ಕೊನೆಯಿಂದ ಮೊದಲ ಮಳೆ ಹಿಡಿಯುವವರೆಗೆ ರಾಜಮಾಚಿಯಂಥ ಕಡೆ ಮಿಂಚುಹುಳುಗಳು ಮರಕ್ಕೆ ಮರವೇ ಒಟ್ಟಿಗೆ ಮಿನುಗುತ್ತವೆ. ಅಲ್ಲಿ ಟಾರ್ಚ್ ಹಾಕಬಾರದು, ಹುಳುಗಳು ಜೊತೆಯನ್ನು ಕರೆಯುವುದೇ ಆ ಬೆಳಕಿನಿಂದ. ಹೂವಿನ ಮಾತಿಗೆ ಇನ್ನೊಂದು: ನಮ್ಮ ನೀಲಕುರಿಂಜಿಯ ಬಳಗದ ಕಾರ್ವಿ ಇಲ್ಲಿ ಎಂಟು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅರಳುತ್ತದೆ. ಯೇವೂರು ಸೇರಿದಂತೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2016ರಲ್ಲಿ ಅರಳಿತ್ತು, 2024ರಲ್ಲಿ ಅರಳಿತು. ಮುಂದಿನದು 2032ಕ್ಕೆ.

ತಿಥಿ ನೋಡಿ ಹಕ್ಕಿ

ಥಾಣೆ ಖಾಡಿ ಎಂಬ ಸಮುದ್ರದ ತೋಳಿಗೆ ನವೆಂಬರ್‌ನಿಂದ ಮೇವರೆಗೆ ಫ್ಲೆಮಿಂಗೊಗಳು ಬಂದಿರುತ್ತವೆ. ಗುಜರಾತಿನ ಕಛ್‌ನ ಕಡೆಯಿಂದ ಬರುವ ದೊಡ್ಡ ಮತ್ತು ಚಿಕ್ಕ ಎರಡು ಜಾತಿ ಸೇರಿ ಲೆಕ್ಕ ಲಕ್ಷ ದಾಟುತ್ತದೆ. 2015ರಲ್ಲಿ ಖಾಡಿಯ ಒಂದು ಭಾಗವನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿದರು. 2022ರಲ್ಲಿ ಅದು ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ, ದೋಣಿ ಹೊರಡುವುದು ಅಲ್ಲಿಂದ.

ದೋಣಿಯ ಸಮಯ ದಿನವೂ ಬದಲಾಗುವುದೇಕೆ ಎಂದು ಹಲವರು ಸಿಡಿಮಿಡಿಗೊಳ್ಳುತ್ತಾರೆ. ದೋಣಿಗೆ ನೀರು ಬೇಕು, ಹಕ್ಕಿಗೆ ಕೆಸರು ಬೇಕು. ಹಕ್ಕಿ ಮೇಯುವುದು ಇಳಿತದಲ್ಲಿ ಬಯಲಾದ ಕೆಸರಿನಲ್ಲಿರುವ ಪಾಚಿಯನ್ನು, ಸಣ್ಣ ಜೀವಿಗಳನ್ನು. ಅದರ ಗುಲಾಬಿ ಬಣ್ಣವೂ ಆ ಆಹಾರದಿಂದ ಬಂದದ್ದು. ಪೂರ್ತಿ ಇಳಿತದಲ್ಲಿ ದೋಣಿ ಕೆಸರಿಗೆ ಕೂರುತ್ತದೆ. ಪೂರ್ತಿ ಉಬ್ಬರದಲ್ಲಿ ಕೆಸರು ಮುಳುಗಿ ಹಕ್ಕಿ ಎದ್ದು ಹೋಗುತ್ತದೆ. ಎರಡರ ನಡುವಿನ ಎರಡು ಮೂರು ಗಂಟೆಯೇ ಸವಾರಿಯ ಸಮಯ, ಅದು ದಿನಕ್ಕೆ ಸುಮಾರು ಮುಕ್ಕಾಲು ಗಂಟೆಯಷ್ಟು ಮುಂದೆ ಸರಿಯುತ್ತದೆ.

ಇದನ್ನು ಲೆಕ್ಕ ಹಾಕಲು ಆ್ಯಪ್ ಬೇಕಿಲ್ಲ, ಅಡುಗೆಮನೆಯ ಗೋಡೆಯಲ್ಲಿರುವ ಪಂಚಾಂಗದ ಕ್ಯಾಲೆಂಡರ್ ಸಾಕು. ಕೊಂಕಣದ ಮೀನುಗಾರರ ಹಳೆಯ ಸೂತ್ರವೊಂದಿದೆ: ಶುಕ್ಲವಿರಲಿ ಕೃಷ್ಣವಿರಲಿ, ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ತೆಗೆಯಿರಿ, ಬಂದ ಗಂಟೆಗೆ ಆಸುಪಾಸಿನಲ್ಲಿ ಉಬ್ಬರ. ಅಷ್ಟಮಿ ಎಂದರೆ ಎಂಟರ ಮುಕ್ಕಾಲು ಆರು. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ನೀರು ತುಂಬಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದೂಕಾಲು, ಅಂದರೆ ನಡುಹಗಲಿಗೆ ಹತ್ತಿರ. ಖಾಡಿಯ ಒಳಗೆ ನೀರು ನುಗ್ಗಿ ಬರಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಉಬ್ಬರದಿಂದ ಆರು ಗಂಟೆ ಕಳೆದರೆ ಇಳಿತ. ಮಲ್ಪೆ, ಗಂಗೊಳ್ಳಿಯ ಅಜ್ಜಂದಿರಿದ್ದ ಮನೆಯವರು ಇದನ್ನು ಕೇಳಿ ಹುಬ್ಬೇರಿಸುವುದಿಲ್ಲ.

ದೋಣಿ ಸಿಗದವರಿಗೂ ದಾರಿಯಿದೆ. ಖಾಡಿಯ ಕೆಸರು ಮುಳುಗಿದಾಗ ಹಕ್ಕಿಗಳು ಸುಮ್ಮನೆ ಹಾರಿ ಮಾಯವಾಗುವುದಿಲ್ಲ. ನೆರೂಳ್, ಸೀವುಡ್ಸ್ ಕಡೆಯ ಟಿ.ಎಸ್. ಚಾಣಕ್ಯದ ಹಿಂದಿನ ಜೌಗು, ಎನ್‌ಆರ್‌ಐ ಕಾಂಪ್ಲೆಕ್ಸಿನ ಬದಿಯ ಕೆರೆ, ಡಿಪಿಎಸ್ ಶಾಲೆಯ ಪಕ್ಕದ ನೀರು ಇವುಗಳಿಗೆ ಬಂದು ಒಂಟಿಗಾಲಲ್ಲಿ ವಿಶ್ರಮಿಸುತ್ತವೆ. ಹಾಗಾಗಿ ದಡದಿಂದ ನೋಡುವವರು ಉಬ್ಬರದ ಹೊತ್ತಿಗೆ ಹೋಗಬೇಕು. ರವಿವಾರ ಏಕಾದಶಿ ಅಥವಾ ದ್ವಾದಶಿ ಬಿದ್ದರೆ ಉಬ್ಬರ ಬೆಳಗಿನ ಒಂಬತ್ತರ ಸುತ್ತ. ಬೆಳಕೂ ಮೆದು, ಉಪಾಹಾರಕ್ಕೆ ಮನೆಗೂ ಮರಳಬಹುದು. ಈ ಜೌಗುಗಳನ್ನು ತುಂಬಿಸಿ ಕಟ್ಟಡ ಎಬ್ಬಿಸಬೇಕೇ ಎಂಬ ಜಗಳ ನವಿಮುಂಬಯಿಯಲ್ಲಿ ವರ್ಷಗಳಿಂದ ನಡೆದಿದೆ. ಅಲ್ಲಿ ನಿಂತು ಒಮ್ಮೆ ಹಕ್ಕಿ ನೋಡಿದವರು ಆ ಸುದ್ದಿಯನ್ನು ಪುಟ ತಿರುಗಿಸಿ ಬಿಡಲಾರರು.

ಊರಿನ ವಿಳಾಸ ಇಲ್ಲಿದೆ

ಥಾಣೆಯಿಂದ ಘೋಡ್‌ಬಂದರ್ ರಸ್ತೆಯ ಬಸ್ಸಿನಲ್ಲಿ ಬೊರಿವಲಿಗೆ ಹೋಗಿ, ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಒಳಗಿನ ಬಸ್ ಹಿಡಿದರೆ ಕಾನ್ಹೇರಿ. ಒಂದೇ ಬಸಾಲ್ಟ್ ಗುಡ್ಡದಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು; ಬಹುತೇಕ ಗುಹೆಗಳ ಮುಂದೆ ಮಳೆನೀರು ಹಿಡಿಯುವ ತೊಟ್ಟಿ, ಅದಕ್ಕೆ ನೀರು ತರುವ ಸಣ್ಣ ಕಾಲುವೆ. ಕಲ್ಯಾಣ್‌ನ ವರ್ತಕರು ಕೊಟ್ಟ ದಾನಗಳ ಶಾಸನಗಳು ಇಲ್ಲಿವೆ. ಎಲ್ಲರೂ ಮೂರನೆಯ ಗುಹೆಯ ಚೈತ್ಯ ನೋಡಿ ಫೋಟೊ ತೆಗೆದು ಇಳಿಯುತ್ತಾರೆ.

ನಮ್ಮವರು ಸ್ವಲ್ಪ ನಿಲ್ಲಬೇಕು. ಇಲ್ಲಿನ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಶಕ 775 ಮತ್ತು 799ರ ಎರಡು, ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಕಪರ್ದಿಯ ಕಾಲದವು. ಅವನ ಒಡೆಯನೆಂದು ಅಲ್ಲಿ ಹೇಳಿರುವ ಹೆಸರು ಅಮೋಘವರ್ಷ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತುಂಗ. ಕನ್ನಡದಲ್ಲಿ ಉಳಿದು ಬಂದ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರು ಬೊರಿವಲಿಯ ಕಾಡಿನ ಗುಹೆಯಲ್ಲಿ ಕಲ್ಲಾಗಿ ಕೂತಿದೆ. ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುವ ನಮ್ಮ ಮಕ್ಕಳಿಗೆ ಆ ಗೋಡೆಯ ಮುಂದೆ ನಿಂತು ಇದನ್ನು ಹೇಳಬೇಕು. ನಾನು ಹೇಳಿದ್ದೇನೆ. ಮಗು ಕೇಳಿದ ಪ್ರಶ್ನೆ ಒಂದೇ: ಅವರು ಅಷ್ಟು ದೂರದಿಂದ ಹೇಗೆ ಬಂದರು? ಆ ಪ್ರಶ್ನೆಯನ್ನು ನಮ್ಮ ಬಗ್ಗೆಯೂ ಕೇಳಬಹುದಿತ್ತು.

ಅದೇ ಶಿಲಾಹಾರರ ಕಾಲದ, 1060ರ ಶಾಸನವಿರುವ ಶಿವಾಲಯ ಅಂಬರನಾಥ್‌ನಲ್ಲಿದೆ, ನಿಲ್ದಾಣದಿಂದ ಹೆಚ್ಚು ದೂರವಿಲ್ಲ. ಹೊರಗೋಡೆಯ ಕೆತ್ತನೆ ನೋಡಲು ಒಂದು ಗಂಟೆ ಬೇಕು. ಬೆಟ್ಟ ಹತ್ತಲಾರದ ಹಿರಿಯರಿಗೆ ಇದು ಒಳ್ಳೆಯ ಅರ್ಧ ದಿನ.

ಇನ್ನು ಮಾಹುಲಿ. ಆಸನ್‌ಗಾಂವ್‌ನಲ್ಲಿ ಇಳಿದು ರಿಕ್ಷಾದಲ್ಲಿ ಮಾಹುಲಿ ಗ್ರಾಮ, ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ ಏರು ಶುರು. ಎತ್ತರ 850 ಮೀಟರಿಗೆ ತುಸು ಮೇಲೆ. ಸುಮ್ಮನೆ ನಡೆಯುವ ಅಭ್ಯಾಸವಿರುವವರಿಗೆ ಮೂರು ಗಂಟೆ. ಬಹುಪಾಲು ಕಾಡಿನ ನೆರಳು, ಕೊನೆಯಲ್ಲಿ ಕಬ್ಬಿಣದ ಏಣಿ. ಮೇಲೆ ಮಾಹುಲಿ, ಭಂಡಾರಗಡ, ಪಳಸಗಡ ಎಂದು ಮೂರು ಕೋಟೆಗಳ ಜೋಡಣೆ, ಕೆಳಗೆ ಮುಂಬಯಿಗೆ ಕುಡಿಯುವ ನೀರು ಕೊಡುವ ತಾನ್ಸಾ ಜಲಾಶಯ. 1636ರಲ್ಲಿ ಮೊಗಲರ ಮುತ್ತಿಗೆಗೆ ಸಿಕ್ಕಿ ಶಹಾಜಿ ಭೋಂಸಲೆ ಈ ಕೋಟೆಯನ್ನು ಬಿಟ್ಟುಕೊಟ್ಟ; ಆಮೇಲೆ ಬಿಜಾಪುರದ ಆದಿಲಶಾಹಿಯ ಸೇವೆಗೆ ಸೇರಿ ರಣದುಲ್ಲಾ ಖಾನನ ಜೊತೆ ಕರ್ನಾಟಕಕ್ಕೆ ಬಂದ. 1638ರಲ್ಲಿ ಬೆಂಗಳೂರು ಅವನ ಜಹಗೀರಾಯಿತು. 1664ರಲ್ಲಿ ಅವನು ಸತ್ತದ್ದು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ, ಸಮಾಧಿ ಅಲ್ಲೇ ಇದೆ. ಇಲ್ಲಿಂದ ಹೊರಟವನು ನಮ್ಮೂರಿನ ಮಣ್ಣಾದ. ನಾವು ಅಲ್ಲಿಂದ ಹೊರಟು ಇಲ್ಲಿಗೆ ಬಂದವರು.

ಪನ್ವೇಲ್‌ನವರಿಗೆ ಊರು ಇನ್ನೂ ಹತ್ತಿರ. ರಾಷ್ಟ್ರೀಯ ಹೆದ್ದಾರಿ 66 ಹೊರಡುವುದು ಪನ್ವೇಲ್‌ನಿಂದ; ಗೋವಾ ದಾಟಿ ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು ಮುಟ್ಟುವ ರಸ್ತೆ. ಆ ರಸ್ತೆಯಲ್ಲಿ ಹತ್ತು ಹನ್ನೆರಡು ಕಿ.ಮೀ. ಹೋದರೆ ಕರ್ನಾಳಾ ಪಕ್ಷಿಧಾಮ, 1968ರಿಂದ ರಕ್ಷಿತ, ಹನ್ನೆರಡು ಚದರ ಕಿ.ಮೀ.ಯ ಸಣ್ಣ ಕಾಡು. ನೆತ್ತಿಯ ಕೋಟೆಯಲ್ಲಿ ಹೆಬ್ಬೆರಳೆತ್ತಿದಂಥ ಬಂಡೆ. ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿದ್ದರೆ ಬಾಲದ ತುದಿಗೆ ಎರಡು ಗರಿ ತೂಗಿಸಿಕೊಂಡ ಭೀಮರಾಜ ಕಾಣಬಹುದು. ಹತ್ತಕ್ಕೆ ಹೋದರೆ ಗಲಾಟೆ ಮಾತ್ರ ಕೇಳುತ್ತದೆ. ಬಂಡೆಯ ಬುಡದಲ್ಲಿ ಹೆಜ್ಜೇನಿನ ತಟ್ಟಿಗಳಿರುತ್ತವೆ. ಸೆಂಟು ಹಾಕಿಕೊಂಡು, ಸಿಗರೇಟು ಹಚ್ಚಿಕೊಂಡು ಅಲ್ಲಿಗೆ ಹೋಗಬಾರದು. ಇದು ಎಲ್ಲ ಕೋಟೆಗಳಿಗೂ ಅನ್ವಯಿಸುತ್ತದೆ.

ದಾರಿಯ ಮಾತು

ಬೆಟ್ಟದಲ್ಲಿ ಮೊಬೈಲ್ ನಕ್ಷೆಗಿಂತ ಹಳ್ಳಿಯವರ ಮಾತು ನಂಬಿಕೆಯದ್ದು. ಅದಕ್ಕೆ ಆಫೀಸಿನ ಮರಾಠಿ ಸಾಲದು. ವಾಟ್ ಎಂದರೆ ಕಾಲುದಾರಿ, ಖಿಂಡ್ ಎಂದರೆ ಎರಡು ಗುಡ್ಡಗಳ ನಡುವಿನ ಕಣಿವೆ ಬಾಗಿಲು, ಮಾಚಿ ಎಂದರೆ ಕೋಟೆಯ ಕೆಳಗಿನ ಸಮತಟ್ಟು, ಬಾಲೇಕಿಲ್ಲಾ ಎಂದರೆ ಎಲ್ಲಕ್ಕಿಂತ ಮೇಲಿನ ಕೋಟೆ, ಟಾಕೆ ಎಂದರೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ, ಸುಳಕಾ ಎಂದರೆ ಒಂಟಿ ಶಿಖರ, ಲೇಣಿ ಎಂದರೆ ಗುಹೆ, ಪಾಡಾ ಎಂದರೆ ಆದಿವಾಸಿಗಳ ಹಾಡಿ. ಠಾಕರ್, ಕಾತ್ಕರಿ, ವಾರ್ಲಿ ಜನ ಈ ಕಾಡುಗಳ ಮೂಲ ನಿವಾಸಿಗಳು. ದಾದಾ, ಮಾವ್ಶಿ ಎಂದು ಕರೆದು ಕೇಳಿದರೆ ದಾರಿ ತೋರಿಸುವುದಷ್ಟೇ ಅಲ್ಲ, ಮುಂದಿನ ತೊಟ್ಟಿಯಲ್ಲಿ ಈಗ ನೀರಿದೆಯೋ ಇಲ್ಲವೋ ಎಂದೂ ಹೇಳುತ್ತಾರೆ. ಮೊದಲ ಸಲ ಹೋಗುವವರು ಹಳ್ಳಿಯ ಒಬ್ಬರನ್ನು ದಾರಿಗೆ ಜೊತೆ ಮಾಡಿಕೊಂಡು ಕೂಲಿ ಕೊಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು.

ಊಟವನ್ನೂ ಅಲ್ಲೇ ಹೇಳಿಬಿಡಿ, ಹತ್ತುವಾಗ ಹೇಳಿದರೆ ಇಳಿಯುವಷ್ಟರಲ್ಲಿ ಸಿದ್ಧ. ಪಿಠಲೆ, ಭಾಕರಿ, ಠೇಚಾ. ಪಿಠಲೆ ಎಂದರೆ ಧಾರವಾಡದ ಝುಣಕದ ತಮ್ಮ. ಈ ಭಾಗದ ಭಾಕರಿ ಬಹುತೇಕ ಅಕ್ಕಿಯದು, ಹಾಗಾಗಿ ಮಲೆನಾಡಿನವರಿಗೂ ಬಾಯಿಗೆ ಹೊಸದಲ್ಲ. ಮನೆಯಿಂದ ಅವಲಕ್ಕಿ, ಚಿತ್ರಾನ್ನ ಕಟ್ಟಿಕೊಂಡು ಹೋದರೂ ಆ ಒಲೆಯ ಮುಂದೆ ಒಂದು ಭಾಕರಿ ತಿನ್ನಬೇಕು.

ಟ್ರೆಕ್ಕಿಂಗ್ ತಂಡಗಳ ಜೊತೆ ಹೋಗುವವರು ಹಣ ಕಟ್ಟುವ ಮುಂಚೆ ನಾಲ್ಕು ವಿಷಯ ಕೇಳಲಿ. ಎಷ್ಟು ಜನಕ್ಕೆ ಒಬ್ಬ ನಾಯಕ? ಹಗ್ಗ, ಪ್ರಥಮ ಚಿಕಿತ್ಸೆ ಇದೆಯೇ? ಅರಣ್ಯ ಇಲಾಖೆಯ ಅನುಮತಿ ತೆಗೆದಿದ್ದಾರೆಯೇ? ಮಳೆಯ ಎಚ್ಚರಿಕೆ ಬಂದರೆ ರದ್ದು ಮಾಡುತ್ತಾರೆಯೇ? ನಾಲ್ಕನೆಯದಕ್ಕೆ ಉತ್ತರ ತೊದಲಿದರೆ ಬೇರೆ ತಂಡ ನೋಡಿ. ಒಬ್ಬರಿಗೆ ಮೂರು ಲೀಟರ್ ನೀರು, ಉಪ್ಪು ಸಕ್ಕರೆ, ಸೀಟಿ, ಟಾರ್ಚ್, ಒಣ ಬಟ್ಟೆ ಇಷ್ಟು ಚೀಲದಲ್ಲಿರಬೇಕು. ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ ವಾಪಸು ಎಂದು ಮನೆಯಲ್ಲೊಬ್ಬರಿಗೆ ಬರೆದು ಕೊಟ್ಟಿರಬೇಕು. ಮೇಲೆ ತಲುಪಲಿ, ತಲುಪದಿರಲಿ, ಮಧ್ಯಾಹ್ನ ಹನ್ನೆರಡೂವರೆಗೆ ತಿರುಗಬೇಕು. ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲು. ಕಾಡಿನೊಳಗೆ ಇನ್ನೂ ಅರ್ಧ ಗಂಟೆ ಮೊದಲೇ. ದಾರಿ ತಪ್ಪಿದೆ ಎನಿಸಿದರೆ ಇಳಿಜಾರು ಹಿಡಿದು ಕೆಳಗಿಳಿಯಬಾರದು, ಮೆಟ್ಟಿಲು ಮೆಟ್ಟಿಲಾದ ಈ ಬೆಟ್ಟದಲ್ಲಿ ಅದು ಗೋಡೆಯ ಅಂಚಿಗೆ ಒಯ್ಯುತ್ತದೆ. ಕೊನೆಯ ಬಾರಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ಹಿಂದಿರುಗಿ ನಿಲ್ಲಬೇಕು, 112ಕ್ಕೆ ಕರೆ ಮಾಡಬೇಕು.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ವಿಹಾರಕೂಟ ಇಡುತ್ತವೆ. ಬಸ್ಸು ಮಾಡಿ ಕರ್ಜತ್, ಬದ್ಲಾಪುರ ಅಥವಾ ಶಹಾಪುರದ ಯಾವುದೋ ರೆಸಾರ್ಟ್, ಹಗ್ಗಜಗ್ಗಾಟ, ಹೌಸಿ, ಲಿಂಬೆ ಚಮಚ, ಸಂಜೆಗೆ ಬಹುಮಾನ. ಅದರ ಸಂತೋಷ ನನಗೆ ಗೊತ್ತು, ಬೇಡವೆನ್ನಲಾರೆ. ಆದರೆ ಅದೇ ಕರ್ಜತ್‌ನ ಬೆಟ್ಟ ಈಜುಕೊಳದ ಹಿಂದಿನ ಚಿತ್ರದಂತೆ ಉಳಿದುಬಿಡುತ್ತದೆ. ಅದೇ ಬಸ್ಸು ಬೆಳಿಗ್ಗೆ ಎರಡು ಗಂಟೆ ಅಂಬರನಾಥ್‌ನಲ್ಲೋ ಹಳ್ಳಿಯೊಂದರ ಕಾಲುದಾರಿಯಲ್ಲೋ ನಿಲ್ಲಲಿ, ಆಮೇಲೆ ರೆಸಾರ್ಟ್. ತಿಂಗಳಿಗೊಂದು ರವಿವಾರ ಹದಿನೈದು ಜನ ಲೋಕಲ್‌ನಲ್ಲೇ ಹೋಗಿ ಬರುವ ಕ್ರಮ ಇಟ್ಟುಕೊಂಡರೆ ಸಂಘಕ್ಕೆ ಖರ್ಚೂ ಇಲ್ಲ. ಸಭಾಂಗಣಕ್ಕೆ ಬಾರದ ಹದಿನೆಂಟು ಇಪ್ಪತ್ತರ ಮಕ್ಕಳು ಬೆಟ್ಟಕ್ಕೆ ಬರುತ್ತಾರೆ, ಏರಿನಲ್ಲಿ ಉಸಿರು ಕಟ್ಟಿದಾಗ ಪಕ್ಕದವರೊಡನೆ ಕನ್ನಡದಲ್ಲೇ ಮಾತಾಡುತ್ತಾರೆ.

ಹೊಟೇಲಿನಲ್ಲಿ ದುಡಿಯುವ ನಮ್ಮ ಹುಡುಗರಿಗೆ ರವಿವಾರವೇ ಹೆಚ್ಚಿನ ಕೆಲಸದ ದಿನ, ವಾರದ ರಜೆ ಬೇರೆ ದಿನ ಬರುತ್ತದೆ. ಅವರಿಗೆ ಒಂದು ಅನುಕೂಲವಿದೆ, ಒಂದು ಎಚ್ಚರಿಕೆಯಿದೆ. ಮೆಗಾಬ್ಲಾಕ್ ಇಲ್ಲ, ಜಾತ್ರೆಯಂಥ ಜನವಿಲ್ಲ. ಬೆಳಗಿನ ಕರ್ಜತ್ ಗಾಡಿ ಆಫೀಸಿನ ಗದ್ದಲಕ್ಕೆ ಎದುರು ದಿಕ್ಕಿನಲ್ಲಿ ಖಾಲಿಯಾಗಿ ಹೋಗುತ್ತದೆ. ಆದರೆ ಸೋಮವಾರ ರಾಷ್ಟ್ರೀಯ ಉದ್ಯಾನಕ್ಕೆ ರಜೆ, ಕಾನ್ಹೇರಿಗೂ ಹೋಗಲಾಗುವುದಿಲ್ಲ. ಘಾರಾಪುರಿಯ (ಎಲಿಫೆಂಟಾ) ಗುಹೆಗಳೂ ಅಂದು ಮುಚ್ಚಿರುತ್ತವೆ. ಸೋಮವಾರದ ರಜೆಯವರು ಮಾಹುಲಿಗೋ ಮಾಥೇರಾನ್‌ಗೋ ಹೋಗಲಿ, ಮಂಗಳವಾರದವರು ಕಾನ್ಹೇರಿಗೆ. ವಾರದ ದಿನ ಮಾಥೇರಾನ್‌ನ ದಾರಿಯಲ್ಲಿ ನಡೆದರೆ ಕುದುರೆಯ ಗೊರಸಿನ ಸದ್ದು ಬಹಳ ದೂರದಿಂದಲೇ ಕೇಳುತ್ತದೆ.